ರೇವಾಲ್ ಕುದುರೆಗೆ ಮಂಡ್ಯದ ಮೇವು

ಕುದುರೆಯ ನಡೆಯನ್ನು ಮೊದಲು ಕಿವಿಯಿಂದ ಅಳೆಯಬೇಕು. ಕಣ್ಣು ಕೇಸರಕ್ಕೆ, ಎತ್ತಿ ಹಿಡಿದ ಕೊರಳಿಗೆ, ಎಣ್ಣೆ ಹಚ್ಚಿ ಉಜ್ಜಿದ ಮೈಗೆ ಬೇಗ ಸೋಲುತ್ತದೆ. ಗಟ್ಟಿ ನೆಲದ ಮೇಲೆ ಕುದುರೆ ಓಡಿಸಲು ಹೇಳಿ, ಬೆನ್ನು ತಿರುಗಿಸಿ ನಿಂತು ಗೊರಸಿನ ಸದ್ದು ಎಣಿಸಿದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಮಾಮೂಲಿ ಕುಕ್ಕುಲೋಟದಲ್ಲಿ (ಟ್ರಾಟ್) ಕೇಳುವುದು ಎರಡೇ ಪೆಟ್ಟು. ಎಡ ಮುಂಗಾಲು, ಬಲ ಹಿಂಗಾಲು ಒಟ್ಟಿಗೆ ಬೀಳುತ್ತವೆ; ಆಮೇಲೆ ಇನ್ನೊಂದು ಜೊತೆ. ಎರಡು ಪೆಟ್ಟಿನ ನಡುವೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಗಳಿಗೆ ಇದೆ. ಅದು ಮುಗಿದು ಕಾಲು ನೆಲಕ್ಕೆ ತಾಗುವಾಗಲೇ ಸವಾರನ ಸೊಂಟಕ್ಕೆ ಏಟು ಬೀಳುವುದು. ರೇವಾಲ್ ನಡೆಯಲ್ಲಿ ನಾಲ್ಕು ಕಾಲಿಗೂ ನಾಲ್ಕು ಬೇರೆ ಬೇರೆ ಪೆಟ್ಟು: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಕಾಲಿಡುವ ಕ್ರಮ ಸಾಧಾರಣ ನಡಿಗೆಯದೇ, ವೇಗ ಮಾತ್ರ ಕುಕ್ಕುಲೋಟದ್ದು. ಒಂದಲ್ಲ ಒಂದು ಕಾಲು ಸದಾ ನೆಲದ ಮೇಲೆ ಇರುವುದರಿಂದ ಸವಾರ ಜೀನಿನಿಂದ ಏಳುವುದೇ ಇಲ್ಲ.

ಮೈಸೂರಿನಲ್ಲಿ ಕುದುರೆ ಎಂದರೆ ಜನರ ಕಣ್ಣ ಮುಂದೆ ಬರುವುದು ಎರಡು ಬಗೆ. ಒಂದು, ಚಾಮುಂಡಿಬೆಟ್ಟದ ತಪ್ಪಲಿನ ರೇಸ್ ಕೋರ್ಸಿನ ಥರೋಬ್ರೆಡ್ ಮತ್ತು ದಸರಾ ಮೆರವಣಿಗೆಯಲ್ಲಿ ಸಾಲಾಗಿ ಸಾಗುವ ಅಶ್ವಾರೋಹಿ ಪಡೆಯ ಎತ್ತರದ ಕುದುರೆ. ಇನ್ನೊಂದು, ಟಾಂಗಾಕ್ಕೆ ಕಟ್ಟಿದ ತಟ್ಟು. ಇವೆರಡರ ನಡುವೆ, ಎತ್ತರದಲ್ಲಿ ಸಾಧಾರಣ ಆದರೆ ಸವಾರಿಗೆಂದೇ ಹುಟ್ಟಿದ ಸಣ್ಣ ಕುದುರೆ ಎಂಬ ಮೂರನೆಯ ಬಗೆ ಇದೆ ಎಂಬುದು ನಮ್ಮ ಕಡೆ ಹೆಚ್ಚು ಜನರಿಗೆ ಗೊತ್ತಿಲ್ಲ. ಕಚ್ಛಿ-ಸಿಂಧಿ ಆ ಬಗೆಯದು. ಗುಜರಾತಿನ ಕಚ್ಛ್ ಮತ್ತು ಬನಾಸ್‌ಕಾಂಠಾ, ರಾಜಸ್ಥಾನದ ಜೈಸಲ್ಮೇರ್ ಮತ್ತು ಬಾಡ್‌ಮೇರ್ ಇದರ ತವರು. ಭಾರತದ ಕುದುರೆ ತಳಿಗಳ ಅಧಿಕೃತ ಪಟ್ಟಿಗೆ ಏಳನೆಯದಾಗಿ ಸೇರಿತು; ಅದರ ನಂತರ ಸೇರಿದ್ದು ನಮ್ಮ ನೆರೆಯ ಭೀಮಾ ಕಣಿವೆಯ ಭೀಮಥಡಿ.

ಗುರುತು ಹಿಡಿಯುವುದು ಕಷ್ಟವಲ್ಲ. ಮೂಗಿನ ಗೆರೆ ಗಿಣಿಮೂಗಿನಂತೆ ಹೊರಕ್ಕೆ ಬಾಗಿರುತ್ತದೆ. ಕಿವಿಯ ತುದಿಗಳು ಒಳಕ್ಕೆ ಬಾಗಿದರೂ ಒಂದಕ್ಕೊಂದು ತಾಗುವುದಿಲ್ಲ; ತಾಗಿದರೆ ಅದರಲ್ಲಿ ಮಾರ್ವಾಡಿ ಅಥವಾ ಕಾಠಿಯಾವಾಡಿ ತಳಿಯ ರಕ್ತವಿದೆ ಎಂದು ಅನುಮಾನಿಸಬಹುದು. ಬೆನ್ನು ಗಿಡ್ಡ, ಗೊರಸಿನ ಮೇಲಿನ ಗೆಣ್ಣು ಗಿಡ್ಡ, ಗೊರಸು ಮರಳಿನಲ್ಲಿ ಹೂತುಹೋಗದಂತೆ ಅಗಲ. ಸ್ವಭಾವ ಶಾಂತ. ರೇವಾಲ್ ಇದರ ಹುಟ್ಟುಗುಣ; ಕಾಠಿಯಾವಾಡಿ, ಮಾರ್ವಾಡಿಗಳಲ್ಲೂ ಇದೆ, ಆದರೆ ಆ ಎರಡೂ ಈಗ ಹೆಚ್ಚಾಗಿ ಎತ್ತರಕ್ಕೆ, ಕಿವಿಗೆ, ಮದುವೆ ಮೆರವಣಿಗೆಯ ಕುಣಿತಕ್ಕೆ ಬೆಲೆ ಕಟ್ಟುವವರ ಕೈಗೆ ಸಿಕ್ಕಿವೆ. 2012ರಲ್ಲಿ ದೇಶದಲ್ಲಿ ಸುಮಾರು 6.25 ಲಕ್ಷ ಇದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2019ರ ಜಾನುವಾರು ಗಣತಿಯಲ್ಲಿ 3.4 ಲಕ್ಷಕ್ಕೆ ಇಳಿಯಿತು. ಒಟ್ಟು ಸಂಖ್ಯೆಯೇ ಹೀಗೆ ಕುಸಿದಾಗ ಸಣ್ಣ ತಳಿಯೊಂದರಲ್ಲಿ ಒಳ್ಳೆಯ ನಡೆಯ ಹೆಣ್ಣು ಕುದುರೆ ಎಷ್ಟು ಉಳಿದಾವು ಎಂದು ಬಿಡಿಸಿ ಹೇಳಬೇಕಿಲ್ಲ.

ನಡೆ ಹುಟ್ಟಿನಿಂದ ಬರುತ್ತದೆ ಎಂಬುದಕ್ಕೆ ವಿಜ್ಞಾನದ ಆಧಾರವೂ ಇದೆ. ಐಸ್‌ಲ್ಯಾಂಡಿನ ಸಣ್ಣ ಕುದುರೆಗಳನ್ನು ಪರೀಕ್ಷಿಸಿ 2012ರಲ್ಲಿ ಸ್ವೀಡನ್ನಿನ ತಂಡವೊಂದು ಡಿಎಂಆರ್‌ಟಿ3 ಎಂಬ ವಂಶವಾಹಿಯ ಒಂದು ಮಾರ್ಪಾಡನ್ನು ಹಿಡಿದುಕೊಟ್ಟಿತು. ಈ ವಂಶವಾಹಿ ಬೆನ್ನುಹುರಿಯಲ್ಲಿ ಎಡ ಬಲ ಕಾಲುಗಳ ಹೊಂದಾಣಿಕೆ ನೋಡಿಕೊಳ್ಳುವ ನರಕೋಶಗಳಲ್ಲಿ ಕೆಲಸ ಮಾಡುತ್ತದೆ. ಮಾರ್ಪಾಡು ಇರುವ ಕುದುರೆಗೆ ಒಂದೇ ಮಗ್ಗುಲಿನ ಕಾಲುಗಳನ್ನು ಒಂದರ ಹಿಂದೆ ಒಂದು ಇಡುವುದು ಸಲೀಸು. ಆದರೆ ಅಷ್ಟಕ್ಕೇ ಮಾತು ಮುಗಿಯುವುದಿಲ್ಲ. ಬ್ರೆಜಿಲ್ಲಿನ ಮಂಗಲಾರ್ಗಾ ಮಾರ್ಚಡೋರ್ ತಳಿಯಲ್ಲಿ ಕುಕ್ಕುಲೋಟಕ್ಕೆ ಹತ್ತಿರವಿರುವ ಮೆದು ನಡೆಯ ಕುದುರೆಗಳಲ್ಲಿ ಬಹುಪಾಲಿಗೆ ಈ ಮಾರ್ಪಾಡೇ ಇಲ್ಲ. ಹಾಗಾಗಿ ರಕ್ತಪರೀಕ್ಷೆಯೊಂದನ್ನೇ ನಂಬಿ ನಡೆಗೆ ಬೆಲೆ ಕಟ್ಟಲಾಗದು. ಹುಟ್ಟಿನಿಂದ ಬಂದದ್ದನ್ನು ಕೆಡಿಸುವ ಶಕ್ತಿಯಂತೂ ಮೇವಿಗೆ, ಲಾಳಕ್ಕೆ, ಜೀನಿಗೆ ಧಾರಾಳವಾಗಿದೆ. ಕಾವೇರಿ ನಾಲೆಯ ಬಯಲಿನಲ್ಲಿ ಮರುಭೂಮಿಯ ಕುದುರೆ ಸಾಕುವವರು ಮೊದಲು ಚಿಂತಿಸಬೇಕಾದದ್ದು ಈ ಮೂರನ್ನು.

ಅದಕ್ಕೂ ಮುಂಚೆ ಕೊಳ್ಳುವ ವಿಷಯ. ರೇವಾಲ್ ಎಂದು ಹೇಳಿ ಮಾರುವ ಕುದುರೆಗಳಲ್ಲಿ ಸಾಕಷ್ಟು ಪಾಲು ಪೇಸ್ ಮಾಡುವ ಕುದುರೆಗಳು. ಪೇಸ್ ಎಂದರೆ ಎಡಗಡೆಯ ಎರಡೂ ಕಾಲು ಒಟ್ಟಿಗೆ, ಬಲಗಡೆಯ ಎರಡೂ ಒಟ್ಟಿಗೆ. ಇಲ್ಲಿಯೂ ಪೆಟ್ಟು ಎರಡೇ. ಕೂತವನು ಮೇಲಕ್ಕೆ ಏಳುವುದಿಲ್ಲ ನಿಜ, ಆದರೆ ಎಡಕ್ಕೂ ಬಲಕ್ಕೂ ತೂಗಾಡುತ್ತಾನೆ. ನೂರು ಗಜ ಕೂತು ಇಳಿದವನಿಗೆ ವ್ಯತ್ಯಾಸ ತಿಳಿಯದು. ಹತ್ತು ಕಿಲೋಮೀಟರ್ ಹೋದವನ ಬೆನ್ನು ಹೇಳುತ್ತದೆ. ಕಿವಿಯನ್ನು ನಂಬಲಾರದವರು ಫೋನಿನ ಸ್ಲೋ ಮೋಷನ್ನಿನಲ್ಲಿ ಪಕ್ಕದಿಂದ ವಿಡಿಯೊ ಹಿಡಿಯಲಿ. ಒಂದೇ ಮಗ್ಗುಲಿನ ಹಿಂಗಾಲು ನೆಲ ಮುಟ್ಟಿದ ಮೇಲೆ ಮುಂಗಾಲು ಮುಟ್ಟುವವರೆಗೆ ಸ್ಪಷ್ಟ ಅಂತರ ಕಾಣಬೇಕು; ಆ ಅಂತರವೂ, ಮುಂಗಾಲಿನಿಂದ ಎದುರು ಮಗ್ಗುಲಿನ ಹಿಂಗಾಲಿನವರೆಗಿನ ಅಂತರವೂ ಹೆಚ್ಚುಕಡಿಮೆ ಸಮವಾಗಿರಬೇಕು. ಒದ್ದೆ ಮಣ್ಣಿನ ಮೇಲೆ ಓಡಿಸಿ ಗೊರಸಿನ ಗುರುತನ್ನೂ ನೋಡಬಹುದು. ಹಿಂಗೊರಸಿನ ಗುರುತು ಮುಂಗೊರಸಿನ ಗುರುತನ್ನು ದಾಟಿ ಮುಂದೆ ಬಿದ್ದಿದ್ದರೆ ಹೆಜ್ಜೆ ಉದ್ದವಾಗಿದೆ, ಬೆನ್ನು ಕೆಲಸ ಮಾಡುತ್ತಿದೆ ಎಂದರ್ಥ.

ನಮ್ಮ ಕಡೆಯವರು ಹಳ್ಳಿಕಾರ್ ಎತ್ತಿನ ಸುಳಿ ನೋಡುವಷ್ಟೇ ಶ್ರದ್ಧೆಯಿಂದ ಕುದುರೆಯ ಸುಳಿಯನ್ನೂ ನೋಡುತ್ತಾರೆ. ನೋಡಲಿ, ಸುಳಿಯಿಂದ ನಡೆ ತಿಳಿಯುವುದಿಲ್ಲ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು. ಹಲ್ಲು ನೋಡುವುದು ಕೆಲಸಕ್ಕೆ ಬರುವ ವಿದ್ಯೆ. ಮುಂದಿನ ಬಾಚಿಹಲ್ಲುಗಳಲ್ಲಿ ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದ್ದು ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ ಬದಲಾಗುತ್ತದೆ. ಮೇಲಿನ ಮೂಲೆಹಲ್ಲಿನ ಹೊರಮೈಯಲ್ಲಿ ಹತ್ತು ವರ್ಷಕ್ಕೆ ಒಂದು ಕಂದುಗೆರೆ ಒಸಡಿನ ಬಳಿ ಹುಟ್ಟಿ, ಹದಿನೈದಕ್ಕೆ ಅರ್ಧ ಇಳಿದು, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಸವಾರಿಗೆ ಕೊಳ್ಳುವುದಾದರೆ ಮೂಲೆಹಲ್ಲು ಬದಲಾದ ಕುದುರೆಯೇ ಒಳ್ಳೆಯದು. ಎರಡು ವರ್ಷದ ಮರಿಯ ಮೇಲೆ ಜೀನು ಹಾಕಿ ಓಡಿಸಿ ತೋರಿಸಿದರೆ ಅಲ್ಲಿಂದ ಎದ್ದು ಬರಬೇಕು. ಬೆನ್ನೆಲುಬಿನ ಬೆಳವಣಿಗೆ ಮುಗಿಯುವುದಕ್ಕೆ ಐದಾರು ವರ್ಷ ಬೇಕು, ಎಳೆ ಬೆನ್ನಿಗೆ ಭಾರ ಬಿದ್ದರೆ ಮೊದಲು ಹಾಳಾಗುವುದು ನಡೆಯೇ.

ಗುಜರಾತಿನಿಂದ ಮೈಸೂರಿಗೆ ಲಾರಿಯಲ್ಲಿ ಬರುವುದು 1,500 ಕಿ.ಮೀ.ಗೂ ಮೀರಿದ ಪ್ರಯಾಣ. ಹೊರಡುವ ಮೊದಲು ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆಯ ವರದಿ ಕೈಯಲ್ಲಿರಬೇಕು. ಇದು ಕುದುರೆಯಿಂದ ಮನುಷ್ಯನಿಗೂ ಹರಡುವ ಬ್ಯಾಕ್ಟೀರಿಯಾ ರೋಗ. ದೃಢಪಟ್ಟರೆ ಸರ್ಕಾರಕ್ಕೆ ತಿಳಿಸಲೇಬೇಕು, ಕುದುರೆಯನ್ನು ಕೊಲ್ಲದೆ ಬೇರೆ ದಾರಿಯಿಲ್ಲ. ಕೇಂದ್ರ ಸರ್ಕಾರದ ಅಶ್ವ ಸಂಶೋಧನಾ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿದೆ, ಅದರ ಶಾಖೆ ಬಿಕಾನೇರ್‌ನಲ್ಲಿದೆ. ಪರೀಕ್ಷೆಗೆ ಎಲ್ಲಿ ಮಾದರಿ ಕಳಿಸಬೇಕೆಂಬುದನ್ನು ಪಶುವೈದ್ಯರು ಹೇಳುತ್ತಾರೆ. ಲಾರಿಯಲ್ಲಿ ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟಬಾರದು. ತಲೆ ತಗ್ಗಿಸಿ ಮೂಗು ಸೀನಿ ಧೂಳು ಕಫ ಹೊರಹಾಕಲಾಗದ ಕುದುರೆಗೆ ಮೂರನೆಯ ದಿನ ಜ್ವರ, ಶ್ವಾಸಕೋಶದ ಸೋಂಕು ತಪ್ಪಿದ್ದಲ್ಲ. ನಾಲ್ಕೈದು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಬೇಕು. ತಲುಪಿದ ಮೇಲೆ ಮೂರು ನಾಲ್ಕು ವಾರ ಊರಿನ ಬೇರೆ ಕುದುರೆಗಳಿಂದ ದೂರ ಕಟ್ಟಬೇಕು. ಅದು ಅಲ್ಲಿ ತಿನ್ನುತ್ತಿದ್ದ ಒಣಹುಲ್ಲಿನ ಒಂದೆರಡು ಮೂಟೆ ಜೊತೆಗೇ ತಂದರೆ, ಹತ್ತು ಹದಿನಾಲ್ಕು ದಿನಗಳಲ್ಲಿ ನಿಧಾನವಾಗಿ ನಮ್ಮ ಮೇವಿಗೆ ಬದಲಿಸಬಹುದು.

ಮೇವಿನ ಲೆಕ್ಕ ತೂಕದಿಂದ ಶುರುವಾಗುತ್ತದೆ. ತಕ್ಕಡಿ ಬೇಡ, ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, ಬಂದದ್ದನ್ನು 11,880ರಿಂದ ಭಾಗಿಸಿದರೆ ಕಿಲೋ ತೂಕ ಬರುತ್ತದೆ. ಸುತ್ತಳತೆ 160, ಉದ್ದ 145 ಇದ್ದರೆ ತೂಕ ಸುಮಾರು 312 ಕಿಲೋ. ಇಂಥ ಕುದುರೆ ದಿನಕ್ಕೆ ತಿನ್ನಬೇಕಾದ ಒಣ ಅಂಶ ತೂಕದ ನೂರಕ್ಕೆ ಎರಡು ಪಾಲು, ಅಂದರೆ ಆರು ಕಿಲೋ ಚಿಲ್ಲರೆ. ಹೊರಬಲ್ಲ ಭಾರ ನೂರಕ್ಕೆ ಇಪ್ಪತ್ತು, ಅಂದರೆ ಜೀನೂ ಸೇರಿ 62 ಕಿಲೋ. ಜೀನು ಎಂಟು ಕಿಲೋ ಎಂದಾದರೆ ಸವಾರನಿಗೆ ಉಳಿಯುವುದು 54. ಹೊರೆ ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1965ರ ನಿಯಮಗಳು ತಟ್ಟುವಿಗೆ 70 ಕಿಲೋ ಮಿತಿ ಹಾಕಿವೆ. ಎಂಬತ್ತು ಕಿಲೋದ ಯಜಮಾನರು ಇಂಥ ಕುದುರೆಯನ್ನು ಮಕ್ಕಳಿಗೆಂದು ಕೊಂಡು ಮೊದಲು ತಾವೇ ಹತ್ತಿ ನೋಡುವುದು ಕಡಿಮೆಯಾದರೆ ಒಳ್ಳೆಯದು.

ಇನ್ನು ಮಂಡ್ಯದ ಮೇವು. ಹಸು ಸಾಕಿದ ಮನೆಯಲ್ಲಿ ಸಿಗುವುದು ನೇಪಿಯರ್ ಅಥವಾ ಸೀಮೆಹುಲ್ಲು, ಭತ್ತದ ಹುಲ್ಲು, ಕಬ್ಬಿನ ಸೋಗೆ, ತೌಡು, ಗೋಧಿ ಬೂಸ. ಹಸುವಿಗೆ ಇವೆಲ್ಲ ಆಗುತ್ತವೆ. ಕುದುರೆಗೆ ಇದೇ ಪಟ್ಟಿ ನಿಧಾನ ವಿಷ.

ನೇಪಿಯರ್‌ನಲ್ಲಿ ಆಕ್ಸಲೇಟ್ ಹೆಚ್ಚು. ಅದು ಹುಲ್ಲಿನ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ, ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಕುದುರೆಯಲ್ಲಿ ಆ ಕೆಲಸ ಮಾಡುವ ಜೀವಿಗಳು ಇರುವುದು ದೊಡ್ಡಕರುಳಿನಲ್ಲಿ; ಕ್ಯಾಲ್ಸಿಯಂ ಹೀರಿಕೊಳ್ಳುವ ಸಣ್ಣಕರುಳು ಅದಕ್ಕಿಂತ ಮೊದಲೇ ಮುಗಿದಿರುತ್ತದೆ. ಹೀಗೆ ಹಸಿರು ಮೇವು ಹೊಟ್ಟೆತುಂಬ ತಿಂದರೂ ರಕ್ತಕ್ಕೆ ಕ್ಯಾಲ್ಸಿಯಂ ಸಾಲದೆ, ದೇಹ ಮೂಳೆಯಿಂದಲೇ ಅದನ್ನು ಕೀಳಲು ತೊಡಗುತ್ತದೆ. ಬೂಸ, ತೌಡು ಇದಕ್ಕೆ ತುಪ್ಪ ಸುರಿಯುತ್ತವೆ: ಗೋಧಿ ಬೂಸದಲ್ಲಿ ರಂಜಕ ಕ್ಯಾಲ್ಸಿಯಮ್ಮಿನ ಹತ್ತು ಪಟ್ಟು, ಅಕ್ಕಿ ತೌಡಿನಲ್ಲಿ ಇನ್ನೂ ಹೆಚ್ಚು, ಕುದುರೆಗೆ ಬೇಕಾದದ್ದೋ ಕ್ಯಾಲ್ಸಿಯಂ ರಂಜಕದ ಒಂದೂವರೆ ಎರಡು ಪಟ್ಟು. ಕೆಲವು ತಿಂಗಳಿಗೆ ಮುಖದ ಮೂಳೆ ಎರಡೂ ಕಡೆ ಊದಿಕೊಳ್ಳುತ್ತದೆ. ಅದಕ್ಕೂ ಮೊದಲು ಕಾಣುವುದು ನಡೆಯಲ್ಲಿ. ಹೆಜ್ಜೆ ಗಿಡ್ಡವಾಗುತ್ತದೆ, ಇವತ್ತು ಒಂದು ಕಾಲು, ನಾಳೆ ಇನ್ನೊಂದು ಕಾಲು ಎಳೆಯುತ್ತದೆ, ನಾಲ್ಕು ಪೆಟ್ಟಿನ ಸಮ ಅಂತರ ಕೆಡುತ್ತದೆ. ಸವಾರ ಲಾಳ ಬದಲಿಸುತ್ತಾನೆ, ಕಡಿವಾಣ ಬದಲಿಸುತ್ತಾನೆ, ಕೊನೆಗೆ ಕುದುರೆಯನ್ನೇ ಬದಲಿಸುತ್ತಾನೆ. ಮೇವು ಮಾತ್ರ ಹಾಗೇ ಇರುತ್ತದೆ.

ಬದಲಿಗೆ ಏನು? ಗರಿಕೆ. ನಮ್ಮ ಬದುಗಳಲ್ಲಿ, ತೋಟದ ಅಂಚಿನಲ್ಲಿ ಬೇಡವೆಂದರೂ ಬೆಳೆಯುವ ಗರಿಕೆಗಿಂತ ಒಳ್ಳೆಯ ಕುದುರೆ ಹುಲ್ಲು ಈ ಸೀಮೆಯಲ್ಲಿ ಇಲ್ಲ. ಕಳೆನಾಶಕ ಹೊಡೆದ ಬದುವಿನದ್ದನ್ನು ಮಾತ್ರ ಮುಟ್ಟಬಾರದು. ಜೊತೆಗೆ ಕುದುರೆ ಮೆಂತೆ, ಕ್ಯಾಲ್ಸಿಯಂ ಸಮೃದ್ಧವಾದ ಸೊಪ್ಪು. ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ಮೇಲು. 312 ಕಿಲೋ ಕುದುರೆಗೆ, ದಿನಕ್ಕೊಂದು ಗಂಟೆ ಹಗುರ ಸವಾರಿ ಇದ್ದರೆ, ಹಸಿ ಗರಿಕೆ 12 ಕಿಲೋ, ಒಣಗಿಸಿದ ಕುದುರೆ ಮೆಂತೆ ಒಂದು ಕಿಲೋ, ಒಣ ರಾಗಿ ಹುಲ್ಲು ಒಂದು ಕಿಲೋ, ಹುರುಳಿ 750 ಗ್ರಾಂ, ಉಪ್ಪು 30 ಗ್ರಾಂ ಸಾಕು. ಬೆವರು ಹರಿಯುವ ದಿನ ಉಪ್ಪನ್ನು 50 ಗ್ರಾಮಿಗೆ ಏರಿಸಬೇಕು. ನೀರು 20ರಿಂದ 30 ಲೀಟರ್, ಬೇಸಿಗೆಯಲ್ಲಿ 40ರವರೆಗೂ ಹೋಗುತ್ತದೆ. ಬೂಸ ಕೊಡಲೇಬೇಕು ಎನ್ನುವವರು ಪ್ರತಿ ಕಿಲೋ ಬೂಸಕ್ಕೆ 40 ಗ್ರಾಂನಷ್ಟು, ಮೇವಿಗೆಂದೇ ಮಾರುವ ಸುಣ್ಣಕಲ್ಲಿನ ಪುಡಿ ಬೆರೆಸಬೇಕು. ಗೋಡೆಗೆ ಬಳಿಯುವ ಸುಣ್ಣ ಅಲ್ಲ, ಅದು ಬಾಯಿ ಸುಡುತ್ತದೆ.

ಹುರುಳಿಯನ್ನು ಒಣದಾಗಿ ಕೊಡಬಾರದು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಎರಡು ಬೆರಳಿನ ನಡುವೆ ಹಿಸುಕಿದರೆ ಮೆತ್ತಗಾಗುವವರೆಗೆ ಬೇಯಿಸಿ, ಆರಿಸಿ ಕೊಡಬೇಕು. ಬೇಯಿಸಿದಾಗ ಜೀರ್ಣಕ್ಕೆ ಅಡ್ಡಬರುವ ಅಂಶ ನಾಶವಾಗುತ್ತದೆ. ನೆನೆಯದ ಕಾಳು ಹೊಟ್ಟೆಯೊಳಗೆ ಉಬ್ಬಿ ಶೂಲೆ ತರಿಸಬಹುದು. ಬೆಳಿಗ್ಗೆ ಬೇಯಿಸಿದ್ದನ್ನು ಸಂಜೆಗೆ ಇಟ್ಟರೆ ಬೇಸಿಗೆಯಲ್ಲಿ ಹುಳಿಯಾಗುತ್ತದೆ, ಅದನ್ನು ಚೆಲ್ಲುವುದೇ ಲಾಭ. ಕಾಳಿನ ಮೇವು ಯಾವುದೇ ಇರಲಿ, ಒಂದು ಹೊತ್ತಿಗೆ ಒಂದೂವರೆ ಕಿಲೋ ಮೀರಬಾರದು.

ಕಬ್ಬಿನ ಸೋಗೆ ಒರಟು ನಾರು. ಹಲ್ಲು ಸರಿಯಿಲ್ಲದ ಅಥವಾ ನೀರು ಕಡಿಮೆ ಕುಡಿದ ಕುದುರೆಯಲ್ಲಿ ಕರುಳು ಕಟ್ಟಿಕೊಳ್ಳುತ್ತದೆ. ಆಲೆಮನೆಯ ಬಳಿ ಕಟ್ಟುವುದೂ ಬೇಡ. ಬೆಲ್ಲದ ನಾಡಿನವರಿಗೆ ಕುದುರೆಗೆ ಒಂದು ಅಚ್ಚು ತಿನ್ನಿಸುವುದು ಪ್ರೀತಿಯ ಲೆಕ್ಕ. ಕಡಿಮೆ ತಿಂದು ಮೈ ಹಿಡಿಯುವಂತೆ ಬರನಾಡಿನಲ್ಲಿ ಬೆಳೆದ ಸಣ್ಣ ಕುದುರೆಗೆ ದಿನನಿತ್ಯದ ಸಿಹಿಯಿಂದ ಗೊರಸಿನ ಒಳಪದರಕ್ಕೆ ಉರಿಯೂತ ಬರುವ ಅಪಾಯ ಹೆಚ್ಚು. ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಭಾರವನ್ನು ಹಿಂದಕ್ಕೆ ಹಾಕಿ ನಿಂತಿದ್ದರೆ, ಗೊರಸು ಮುಟ್ಟಿದಾಗ ಬಿಸಿಯಾಗಿದ್ದರೆ, ಅದೇ ರೋಗ. ಆಗ ನಡೆಸಬಾರದು, ತಡಮಾಡದೆ ವೈದ್ಯರನ್ನು ಕರೆಸಬೇಕು. ಒಮ್ಮೆ ಜೋರಾಗಿ ಬಂದುಹೋದರೆ ರೇವಾಲ್ ಮರಳಿ ಮೊದಲಿನಂತೆ ಬರುವುದು ಅಪರೂಪ.

ಗೊರಸಿನ ಕಥೆ ಬೇರೆ. ಕಚ್ಛಿನ ಒಣ ಮರಳಿಗೆ ಗಟ್ಟಿಯಾಗಿ ಬೆಳೆದ ಗೊರಸು ನಮ್ಮ ಗದ್ದೆಬಯಲಿನ ಒದ್ದೆಗೆ ಮೆತ್ತಗಾಗುತ್ತದೆ. ಲಾಯದ ನೆಲ ಸುತ್ತಲ ನೆಲಕ್ಕಿಂತ ಅರ್ಧ ಅಡಿಯಾದರೂ ಎತ್ತರವಿರಲಿ, ಗಂಜಲ ಹರಿದುಹೋಗುವ ಇಳಿಜಾರಿರಲಿ, ಹಾಸಿಗೆಗೆ ಮರದ ಪುಡಿ ಅಥವಾ ಒಣ ಹುಲ್ಲಿರಲಿ. ಗೊರಸಿನ ಅಡಿಯಲ್ಲಿ ತ್ರಿಕೋನಾಕಾರದ ಮೆತ್ತನೆಯ ದಿಂಬಿನಂಥ ಭಾಗವಿದೆ. ಅದರ ಪಕ್ಕದ ಸಂದುಗಳಲ್ಲಿ ಕಪ್ಪು ಕೊಳೆ, ಕೊಳೆತ ವಾಸನೆ ಕಂಡರೆ ಸೋಂಕು ಶುರುವಾಗಿದೆ. ದಿನಾ ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆದು ಶುಚಿ ಮಾಡಿ, ಒರೆಸಿ, ತೆಳುವಾದ ಮೈಲುತುತ್ತದ ನೀರನ್ನು ಹತ್ತಿಯಲ್ಲಿ ಅದ್ದಿ ಸಂದಿಗೆ ಇಡಬೇಕು. ಗಟ್ಟಿಯಾಗಿ ಕಲಸಿದ ಮೈಲುತುತ್ತ ಒಳ್ಳೆಯ ಮಾಂಸವನ್ನೂ ಸುಡುತ್ತದೆ.

ಗೊರಸು ಕತ್ತರಿಸುವುದು ಐದಾರು ವಾರಕ್ಕೊಮ್ಮೆ. ಪಕ್ಕದಿಂದ ನೋಡಿದರೆ ಗೊರಸಿನ ಮುಂಭಾಗದ ಗೆರೆಯೂ ಅದರ ಮೇಲಿನ ಗೆಣ್ಣಿನ ಗೆರೆಯೂ ಮುರಿಯದೆ ಒಂದೇ ಓರೆಯಲ್ಲಿರಬೇಕು, ಮುಂಗಾಲಿನಲ್ಲಿ ಇದು ಸಾಧಾರಣವಾಗಿ 50ರಿಂದ 55 ಡಿಗ್ರಿ. ತುದಿ ಉದ್ದ ಬಿಟ್ಟರೆ ಕಾಲು ನೆಲ ಬಿಟ್ಟೇಳುವುದು ತಡವಾಗುತ್ತದೆ. ನಾಲ್ಕು ಪೆಟ್ಟಿನ ನಡೆಯಲ್ಲಿ ಒಂದು ಕಾಲು ತಡವಾದರೆ ಉಳಿದ ಮೂರೂ ಲೆಕ್ಕ ತಪ್ಪುತ್ತವೆ. ಕೂದಲಿನ ಅಂಚಿನಿಂದ ತುದಿಯವರೆಗೆ ಎಡಬಲ ಎರಡೂ ಗೊರಸನ್ನು ಟೇಪಿನಲ್ಲಿ ಅಳೆದು ನೋಡಿ; ಅರ್ಧ ಸೆಂಟಿಮೀಟರ್ ವ್ಯತ್ಯಾಸ ಬಂದರೂ ಸರಿಪಡಿಸಲು ಹೇಳಬೇಕು.

ಮಣ್ಣಿನ ದಾರಿಯಲ್ಲೇ ಓಡಾಡುವ ಕುದುರೆಗೆ ಲಾಳ ಬೇಡ. ಟಾರು ರಸ್ತೆ ತಪ್ಪದಿದ್ದರೆ ಬೇಕು. ಟಾಂಗಾ ಕುದುರೆಗೆ ಲಾಳ ಕಟ್ಟಿ ಕೈ ಪಳಗಿದವರು ಮೈಸೂರಿನಲ್ಲಿ ಈಗಲೂ ಇದ್ದಾರೆ. ಅವರ ಕೆಲಸ ಗಟ್ಟಿ, ಆದರೆ ಗಾಡಿ ಎಳೆಯುವ ಕುದುರೆಗೆ ಸಲ್ಲುವ ದಪ್ಪ ಲಾಳ ಇಲ್ಲಿ ಸಲ್ಲದು, ಹಗುರದ್ದು ಬೇಕೆಂದು ಮೊದಲೇ ಹೇಳಬೇಕು. ಮೊಳೆಗಳು ಗೊರಸಿನ ಅತಿ ಅಗಲದ ಜಾಗದಿಂದ ಮುಂದಕ್ಕೇ ಇರಲಿ, ಹಿಮ್ಮಡಿ ಹೆಜ್ಜೆಹೆಜ್ಜೆಗೂ ಅಗಲಿಸಿ ಕುಗ್ಗಬೇಕು. ಮೊಳೆಯ ತುದಿ ಗೊರಸಿನ ಎತ್ತರದ ಮೂರನೆಯ ಒಂದು ಭಾಗದಷ್ಟರಲ್ಲಿ ಹೊರಬರಬೇಕು. ಅದಕ್ಕಿಂತ ಕೆಳಗಾದರೆ ಗೊರಸು ಸೀಳುತ್ತದೆ, ಮೇಲಾದರೆ ಒಳಗಿನ ಸೂಕ್ಷ್ಮ ಭಾಗಕ್ಕೆ ಚುಚ್ಚಿರಬಹುದು.

ಲಾಳದ ಭಾರದಿಂದ ನಡೆಯನ್ನೇ ಬದಲಿಸಬಹುದು ಎಂಬುದು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಮುಂಗಾಲಿಗೆ ಭಾರ ಹೆಚ್ಚಿಸಿದರೆ ಪೇಸ್ ಕಡೆ ಜಾರುವ ಕುದುರೆ ಕುಕ್ಕುಲೋಟದ ಕಡೆಗೆ ಸರಿದು, ನಡುವಿನ ನಾಲ್ಕು ಪೆಟ್ಟಿಗೆ ಬಂದು ನಿಲ್ಲುತ್ತದೆ. ಸಂತೆಯ ದಿನಕ್ಕೆ ಅಷ್ಟು ಸಾಕು. ಆದ್ದರಿಂದ ಹಣ ಕೊಡುವ ಮುನ್ನ ನಾಲ್ಕೂ ಲಾಳ ಬಿಚ್ಚಿಸಿ, ಮೆತ್ತನೆಯ ನೆಲದ ಮೇಲೆ ಒಮ್ಮೆ ಓಡಿಸಲು ಹೇಳಿ. ಒಪ್ಪದವರಿಂದ ಕೊಳ್ಳಬೇಡಿ.

ಜೀನು ಕುದುರೆಯ ಭುಜದ ಮೂಳೆಯ ಮೇಲೆ ಕೂರಬಾರದು, ಅದರ ಹಿಂದೆ ಎರಡು ಮೂರು ಬೆರಳಿನಷ್ಟು ಬಿಟ್ಟಿರಬೇಕು. ರೇವಾಲಿನಲ್ಲಿ ಭುಜ ಸಲೀಸಾಗಿ ಹಿಂದಕ್ಕೆ ಉರುಳಬೇಕು. ಜೀನಿನ ಅಂಚು ಅದನ್ನು ತಡೆದರೆ ಹೆಜ್ಜೆ ಗಿಡ್ಡವಾಗುತ್ತದೆ. ಕಚ್ಛಿ-ಸಿಂಧಿಯ ಬೆನ್ನು ಗಿಡ್ಡ. ದೊಡ್ಡ ಕುದುರೆಗೆ ಹೊಲಿದ ಜೀನಿನ ಹಿಂಭಾಗ ಇಲ್ಲಿ ಸೊಂಟದ ಮೇಲೆ ಒತ್ತುತ್ತದೆ. ರೇಸಿನಿಂದ ನಿವೃತ್ತವಾದ ಕುದುರೆಯ ಜೀನು ಅಗ್ಗಕ್ಕೆ ಸಿಕ್ಕಿತೆಂದು ತರುವವರು ಎಡವುವುದು ಇಲ್ಲೇ. ಸವಾರಿ ಮುಗಿದ ಮೇಲೆ ಜೀನು ತೆಗೆದು ಬೆವರಿನ ಗುರುತು ನೋಡಿ. ಎಲ್ಲೆಡೆ ಒದ್ದೆ, ನಡುವೆ ಒಂದು ಕೈಯಗಲ ಒಣಗಿದ್ದರೆ ಅಲ್ಲಿ ಒತ್ತಡ ಅತಿಯಾಗಿದೆ. ಹಾಗೇ ಬಿಟ್ಟರೆ ಕೆಲವು ತಿಂಗಳಿಗೆ ಅಲ್ಲಿ ಬಿಳಿ ಕೂದಲು ಬರುತ್ತದೆ.

ಕಡಿವಾಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುಳ್ಳಿನ ಕಡಿವಾಣ ಕಾನೂನಿಗೂ ವಿರುದ್ಧ, ನಡೆಗೂ ವಿರುದ್ಧ. ಬಾಯಿ ನೋವಿಗೆ ಕುದುರೆ ತಲೆ ಎತ್ತುತ್ತದೆ, ತಲೆ ಎತ್ತಿದಾಗ ಬೆನ್ನು ಕೆಳಕ್ಕೆ ಬಾಗುತ್ತದೆ, ಬಾಗಿದ ಬೆನ್ನಿನ ಕುದುರೆ ಪೇಸಿಗೆ ಜಾರುತ್ತದೆ. ದೂರದಿಂದ ನೋಡಿದವರಿಗೆ ಎತ್ತಿದ ಕತ್ತು ಠೀವಿಯಂತೆ ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ನಡುವೆ ಕೀಲಿರುವ ನಯವಾದ ಕಡಿವಾಣ, ಸಡಿಲ ಲಗಾಮು ಸಾಕು.

ತಾಲೀಮಿಗೆ ನಾಲೆ ಏರಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮಣ್ಣುದಾರಿಗಳು ಸಮತಟ್ಟು, ಮೆದು, ವಾಹನ ವಿರಳ. ಬೈಕಿಗೇ ಪ್ರವೇಶವಿಲ್ಲದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇಯಿಂದಾಗಿ ಹಳ್ಳಿಯೊಳಗಿನ ಸರ್ವಿಸ್ ರಸ್ತೆಗಳಲ್ಲಿ ಗದ್ದಲ ಹೆಚ್ಚಿದೆ, ಆ ಕಡೆ ಹೋಗದಿರುವುದು ಮೇಲು. ಮೊದಲ ಎಂಟು ಹತ್ತು ವಾರ ನಡಿಗೆಯೊಂದೇ. ಇಪ್ಪತ್ತು ನಿಮಿಷದಿಂದ ಶುರುಮಾಡಿ ವಾರಕ್ಕೆ ಐದು ನಿಮಿಷ ಏರಿಸಿದರೆ ಒಂದು ಗಂಟೆಗೆ ಬರುತ್ತದೆ. ತಲೆ ತಗ್ಗಿಸಿ, ಬೆನ್ನು ಸಡಿಲಬಿಟ್ಟು, ಉದ್ದ ಹೆಜ್ಜೆ ಹಾಕಲು ಕಲಿತ ಮೇಲೆ ನಡಿಗೆಯನ್ನೇ ಚುರುಕುಗೊಳಿಸುತ್ತ ಹೋಗಬೇಕು. ಕುಕ್ಕುಲೋಟಕ್ಕೆ ಅಥವಾ ಪೇಸಿಗೆ ಮುರಿಯುವ ಅಂಚಿಗೆ ಬಂದಾಗ ಅಲ್ಲೇ ಹತ್ತು ಹೆಜ್ಜೆ ಹಿಡಿದು, ಕೆಡುವ ಮೊದಲೇ ನಿಧಾನಿಸಬೇಕು. ಹತ್ತು ಇಪ್ಪತ್ತಾಗುತ್ತದೆ, ಇಪ್ಪತ್ತು ನೂರಾಗುತ್ತದೆ. ಪೇಸಿನ ಕಡೆ ಜಾರುವ ಕುದುರೆಗೆ ನೆಲದ ಮೇಲೆ ಹೆಜ್ಜೆಯಳತೆಗೆ ಬಿದಿರು ಗಳುಗಳನ್ನು ಅಡ್ಡ ಇಟ್ಟು ದಾಟಿಸುವುದು ಒಳ್ಳೆಯ ಉಪಾಯ. ಕಾಲು ಎತ್ತಿ ಇಡಬೇಕಾದಾಗ ಮಗ್ಗುಲಿನ ಜೋಡಿ ತಾನೇ ಒಡೆಯುತ್ತದೆ. ಹುಲ್ಲುನೆಲ, ಸಡಿಲ ಮಣ್ಣೂ ಇದೇ ಕೆಲಸ ಮಾಡುತ್ತವೆ. ಒಂದು ಎಚ್ಚರ: ಮರುಭೂಮಿಯ ಬಿಸಿಲು ತಡೆದುಕೊಂಡ ಕುದುರೆಗೆ ನಾಲೆಬಯಲಿನ ಸೆಕೆ ಹೊಸದು, ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಮಳೆ ಬಂದು ಬಿಸಿಲು ಕಾಯುವ ದಿನ ಬೆಳಗಿನ ಎಂಟರೊಳಗೆ ಮುಗಿಸಬೇಕು.

ನಾಲೆಯ ಬದಿಯ ಇನ್ನೊಂದು ಕಾಟ ಕಚ್ಚುವ ದೊಡ್ಡ ನೊಣ. ಮಳೆಗಾಲದಲ್ಲೂ ಅದರ ನಂತರವೂ ಇವು ಸರ್ರಾ ರೋಗದ ಪರಾವಲಂಬಿಯನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಬಂದುಹೋಗುವ ಜ್ವರ, ಬಿಳಿಚಿದ ಒಸಡು, ಹೊಟ್ಟೆಯಡಿ ಮತ್ತು ಕಾಲಿನಲ್ಲಿ ನೀರು ತುಂಬಿದ ಬಾವು, ತಿಂದರೂ ಇಳಿಯುವ ಮೈ ಇದರ ಲಕ್ಷಣ. ಜ್ವರ ಇರುವಾಗಲೇ ರಕ್ತ ಪರೀಕ್ಷಿಸಿದರೆ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಎಮ್ಮೆ ದನಗಳಲ್ಲಿ ಈ ಪರಾವಲಂಬಿ ಲಕ್ಷಣ ತೋರಿಸದೆಯೂ ಇರಬಲ್ಲದು, ಆದ್ದರಿಂದ ಕುದುರೆಯನ್ನು ಕೊಟ್ಟಿಗೆಯ ಪಕ್ಕದಲ್ಲೇ ಕಟ್ಟುವುದು ಬೇಡ. ಧನುರ್ವಾಯು ಲಸಿಕೆ ತಪ್ಪಿಸಲೇಬಾರದು. ಸಣ್ಣ ಮೊಳೆ ಚುಚ್ಚಿದ ಗಾಯವೂ ಕುದುರೆಗೆ ಸಾಕು.

ಮರಿ ತೆಗೆಯುವ ಆಸೆಯಿದ್ದವರು ಗಂಡನ್ನು ಹುಡುಕುವಾಗ ಎತ್ತರಕ್ಕೆ ಮರುಳಾಗಬಾರದು. ಒಳ್ಳೆಯ ರೇವಾಲ್ ಹೆಣ್ಣನ್ನು ಹತ್ತಿರದಲ್ಲಿ ಸಿಗುವ ಥರೋಬ್ರೆಡ್ ಗಂಡಿಗೆ ಕೂಡಿಸಿದರೆ ಮರಿ ಎತ್ತರವಾಗಿ, ಚುರುಕಾಗಿ ಹುಟ್ಟೀತು, ತಾಯಿಯ ನಡೆ ಮಾತ್ರ ಬಹುಪಾಲು ಹೋಗುತ್ತದೆ. ಗಿಡ್ಡ ಬಂಡೂರು ಕುರಿಗೆ ಎತ್ತರದ ಟಗರು ಬಿಟ್ಟು ತಳಿ ಹೇಗೆ ಕೆಟ್ಟಿತೆಂಬುದು ಮಳವಳ್ಳಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡೂ ಕಡೆ ರೇವಾಲ್ ಇರುವ ಜೋಡಿಯ ಮರಿಯಲ್ಲಿ ನಡೆ ಬೇಗ ಕಾಣುತ್ತದೆ, ತಾಯಿಯ ಪಕ್ಕ ಬಯಲಲ್ಲಿ ಓಡುವ ಮೊದಲ ವಾರಗಳಲ್ಲೇ ವಿಡಿಯೊ ಹಿಡಿದಿಟ್ಟುಕೊಂಡರೆ ಮುಂದೆ ಹೋಲಿಸಿ ನೋಡಬಹುದು. ಗರ್ಭ ಹನ್ನೊಂದು ತಿಂಗಳು, ಸುಮಾರು 340 ದಿನ. ಜೂನ್ ಜುಲೈನ ಕೆಸರಿನಲ್ಲಿ ಮರಿ ಬೀಳುವುದು ಬೇಡವೆಂದರೆ ಫೆಬ್ರವರಿ, ಮಾರ್ಚ್‌ನಲ್ಲಿ ಕೂಡಿಸಬೇಕು. ಮರಿ ಮುಂದಿನ ಜನವರಿ, ಫೆಬ್ರವರಿಗೆ, ನೆಲ ಒಣಗಿ ನೊಣ ಕಡಿಮೆಯಿರುವ ಹೊತ್ತಿಗೆ ಬರುತ್ತದೆ. ಆ ಹೊತ್ತಿಗೆ ಬದುವಿನ ಗರಿಕೆ ಒಣಗುತ್ತಿರುತ್ತದೆ. ಹಾಲೂಡುವ ತಾಯಿಗೆ ಬೇಕಾದ ಕುದುರೆ ಮೆಂತೆಯನ್ನು ಅಕ್ಟೋಬರ್‌ನಲ್ಲೇ, ನಾಲ್ಕೈದು ಗುಂಟೆಯಷ್ಟು, ಬಿತ್ತಿಟ್ಟುಕೊಂಡಿರಬೇಕು.